ಆಸ್ಪತ್ರೆಯೂ ಗುಡ್ಡವೂ: ಒಂದು ಧರ್ಮಜಿಜ್ಞಾಸೆ

ಶಾಲೆಗಳ ಚರ್ಚಾಕೂಟಗಳಲ್ಲಿ ವಿಷಯವನ್ನು ಗೊತ್ತುಮಾಡುವವರು ಉಪಾಧ್ಯಾಯರು. ಆ ವಿಷಯದ ತಿರುಳನ್ನು ಕಂಡುಹಿಡಿಯುವವರು ಅನೇಕ ವೇಳೆ ವಿದ್ಯಾರ್ಥಿಗಳು. ನಮ್ಮ ಕಾಸರಗೋಡು ಸೀಮೆಯ ಕನ್ನಡ ಶಾಲೆಯೊಂದರಲ್ಲಿ ನಡೆದ ಅಂಥ ಒಂದು ಕೂಟಕ್ಕೆ ನಾವು ಹೋಗಿದ್ದೆವು. 'ಗುಡ್ಡವನ್ನು ಕಡಿದು ಆಸ್ಪತ್ರೆಯನ್ನು ಕಟ್ಟುವುದು ಯುಕ್ತವೇ?' ಎಂಬುದು ಅಂದಿನ ವಿಷಯ. ಒಂದು ಪಕ್ಷದವರು ರೋಗಿಗಳ ನರಳಾಟವನ್ನು ಬಣ್ಣಿಸಿ ಸಭೆಯ ಕಣ್ಣುಗಳನ್ನು ಒದ್ದೆಮಾಡಿದರು. ಮತ್ತೊಂದು ಪಕ್ಷದವರು ಹಸುರನ್ನೂ ಹಕ್ಕಿಗಳನ್ನೂ ಬಣ್ಣಿಸಿ ಚಪ್ಪಾಳೆಗಳನ್ನು ಗಳಿಸಿದರು. ಎರಡು ಪಕ್ಷಗಳೂ ಸಮಾನವೆಂದು ತೀರ್ಪು ಹೇಳುವ ಹೊತ್ತಿಗೆ, ಹಿಂದಿನ ಬೆಂಚಿನಲ್ಲಿದ್ದ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಎದ್ದುನಿಂತು, "ಮಾಷ್ಟ್ರೇ, ಅಷ್ಟು ದೊಡ್ಡ ಆಸ್ಪತ್ರೆಗೆ ನೀರು ಎಲ್ಲಿಂದ ಬರುತ್ತದೆ? ತೊಳೆದ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದಳು. ಉಭಯ ಪಕ್ಷದವರೂ ಮುಖ ಮುಖ ನೋಡಿಕೊಂಡರು. ಗಂಟೆ ಬಾರಿಸಿತು, ಸಭೆ ಮುಗಿಯಿತು. ಆ ದಿನ ಆಕೆಗೆ ಉತ್ತರ ಹೇಳಲು ನಮಗೂ ತೋಚಲಿಲ್ಲ. ತಡವಾಗಿಯಾದರೂ ಆ ಸಾಲವನ್ನು ತೀರಿಸುವ ಯತ್ನವೇ ಈ ಬರಹ.

ಮೊದಲು ರೋಗಿಯ ಪಕ್ಷವನ್ನು ಆಲಿಸೋಣ. ಹಾಗೆ ಮಾಡದೆ ಗುಡ್ಡದ ಮಾತನ್ನು ಎತ್ತುವುದು ನ್ಯಾಯವಲ್ಲ. ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯಾದರೂ ದೊಡ್ಡ ಕಾಯಿಲೆ ಬಂದಾಗ ನಮ್ಮವರು ಹಿಡಿಯುತ್ತಿದ್ದ ದಾರಿ ಹಳೆಯದೇ. ಉತ್ತರಕ್ಕೆ ಹೋದರೆ ಮಂಗಳೂರು, ದಕ್ಷಿಣಕ್ಕೆ ಹೋದರೆ ಪರಿಯಾರ ಅಥವಾ ಕೋಳಿಕ್ಕೋಡು. ಮಂಗಳೂರು ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೊಮೀಟರು ದೂರ. ಭಾಷೆಯೂ ನೆಂಟಸ್ತಿಕೆಯೂ ವ್ಯಾಪಾರವೂ ಅತ್ತ ಕಡೆಗೇ ಇದ್ದುದರಿಂದ ಮದ್ದಿಗಾಗಿ ಅಲ್ಲಿಗೆ ಹೋಗುವುದು ನಮಗೆ ಪರದೇಶಕ್ಕೆ ಹೋದಂತೆ ಎಂದೂ ತೋರಿರಲಿಲ್ಲ.

2020ರ ಮಾರ್ಚ್ ತಿಂಗಳಿನಲ್ಲಿ ಅದು ಪರದೇಶವಾಯಿತು. ಕೊರೋನಾ ಸಾಂಕ್ರಾಮಿಕದ ಭಯದಿಂದ ಕರ್ನಾಟಕ ಸರಕಾರವು ತಲಪಾಡಿಯ ಗಡಿಯನ್ನು ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದು ತಡೆಯೊಡ್ಡಲಾಯಿತು. ಮಂಗಳೂರನ್ನು ತಲಪಲಾರದೆ ನಮ್ಮ ಜಿಲ್ಲೆಯ ಹಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಯನ್ನು ತೆಗೆಸಬೇಕೆಂದು ಆಜ್ಞೆ ಮಾಡಿತು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ ತುರ್ತು ರೋಗಿಗಳನ್ನು ಬಿಡುವ ಬಗೆಗೆ ಒಂದು ಏರ್ಪಾಡಾಯಿತು. ಆ ದಿನಗಳಲ್ಲಿ ಗಡಿಯ ಆಚೆ ದಡದ ದೀಪಗಳನ್ನು ನೋಡುತ್ತ ಕಾದುಕುಳಿತ ಮನೆಯವರ ಎದುರಿನಲ್ಲಿ 'ಹೊಸ ಆಸ್ಪತ್ರೆ ಏತಕ್ಕೆ?' ಎಂದು ಕೇಳುವ ಧೈರ್ಯ ಯಾರಿಗಿದೆ? ಬೇಕೆನಿಸಿದಾಗ ಕಾರನ್ನು ಹತ್ತಿ ಎಲ್ಲಿಗಾದರೂ ಹೋಗಬಲ್ಲವರು ಬಡವನ ಆಸ್ಪತ್ರೆಯನ್ನು ಹಸುರಿನ ಹೆಸರಿನಲ್ಲಿ ಅಲ್ಲಗಳೆಯುವುದಾದರೆ ಅದು ಧರ್ಮವಲ್ಲ, ಸೌಖ್ಯವಂತನ ವಿಲಾಸ.

ಬದಿಯಡ್ಕದ ಸಮೀಪದ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದುದು 2013ರ ನವೆಂಬರ್ 30ರಂದು. ಏಳು ವರ್ಷಗಳ ಬಳಿಕ, ಅದೇ ಸಾಂಕ್ರಾಮಿಕದ ಕಾಲದಲ್ಲಿ, ಅಲ್ಲಿನ ಕಟ್ಟಡವನ್ನು ಅವಸರದಿಂದ ಕೊರೋನಾ ಆಸ್ಪತ್ರೆಯನ್ನಾಗಿ ಮಾಡಲಾಯಿತು. 50 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ದೊರೆತುದು 2025ರಲ್ಲಿ. ಒಂದು ಜಿಲ್ಲೆ ಎಷ್ಟು ಕಾಲ ಕಾಯಬೇಕಾಯಿತೆಂಬುದಕ್ಕೆ ಈ ಮೂರು ಇಸವಿಗಳೇ ಸಾಕ್ಷಿ. ಆದುದರಿಂದ ಆಸ್ಪತ್ರೆ ಬೇಕೋ ಬೇಡವೋ ಎಂಬುದು ನಮ್ಮ ಪ್ರಶ್ನೆಯಲ್ಲ. ಬೇಕು ಎಂಬುದು ನಿರ್ವಿವಾದ. ಬೇಕಾದುದನ್ನು ಪಡೆಯುವಾಗ ಯಾರಿಂದ ಏನನ್ನು ತೆಗೆದುಕೊಳ್ಳುತ್ತೇವೆ, ಅವರನ್ನು ಕೇಳಿ ತೆಗೆದುಕೊಳ್ಳುತ್ತೇವೆಯೋ ಕೇಳದೆಯೋ ಎಂಬುದೇ ಪ್ರಶ್ನೆ.

ಇನ್ನು ಗುಡ್ಡದ ಪಕ್ಷ. ಉಕ್ಕಿನಡ್ಕ, ಬದಿಯಡ್ಕ ಮೊದಲಾದ ಹೆಸರುಗಳ ಕೊನೆಯಲ್ಲಿರುವ 'ಅಡ್ಕ' ಎಂಬ ಮಾತು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಬೇಸಾಯವಿಲ್ಲದ, ಮಟ್ಟಸವಾದ, ಮುರಕಲ್ಲಿನ ನೆಲಕ್ಕೆ ನಮ್ಮ ಕಡೆಯಲ್ಲಿ ಹಾಗೆ ಹೇಳುವುದುಂಟು. ಪದವು ಎಂಬುದೂ ಇದೇ ಜಾತಿಯ ಮಾತು. ಬೇಸಾಯವಿಲ್ಲದ ಈ ನೆಲವನ್ನು ಕಾಗದಪತ್ರಗಳಲ್ಲಿ ಬಂಜರು ಎಂದು ಬರೆಯುತ್ತಾರೆ. ಬಂಜರು ಎಂದೊಡನೆ ಅದು ಯಾರಿಗೂ ಬೇಡವಾದ ನೆಲವೆಂಬ ಭಾವನೆ ಹುಟ್ಟುತ್ತದೆ. ಶಾಲೆ, ಕಛೇರಿ, ಕಾರಖಾನೆ, ಆಸ್ಪತ್ರೆ ಯಾವುದಕ್ಕೆ ಜಾಗ ಹುಡುಕುವಾಗಲೂ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ಇಂಥ ನೆಲದ ಮೇಲೆ. ಅದಕ್ಕೆ ಅವರನ್ನು ದೂರುವಂತಿಲ್ಲ. ತೋಟವನ್ನೂ ಗದ್ದೆಯನ್ನೂ ಬಿಡಿಸಿ ಕಟ್ಟುವುದಕ್ಕಿಂತ ಅದು ಲೇಸೆಂದು ಯಾರಿಗಾದರೂ ತೋರುತ್ತದೆ.

ಆದರೆ ಆ ಕಲ್ಲುನೆಲದ ಕೆಲಸ ಏನೆಂಬುದನ್ನು ಸ್ವಲ್ಪ ನೋಡಬೇಕು. ಮುರಕಲ್ಲು ಹೊರಗೆ ಗಟ್ಟಿ; ಒಳಗೆಲ್ಲ ರಂಧ್ರಗಳು, ಬಿರುಕುಗಳು. ಮಳೆಗಾಲದ ನಾಲ್ಕು ತಿಂಗಳು ಅದರ ಮೇಲೆ ಬಿದ್ದ ನೀರಿನ ಒಂದು ಪಾಲು ಹರಿದುಹೋಗುತ್ತದೆ, ಮತ್ತೊಂದು ಪಾಲು ತಗ್ಗುಗಳಲ್ಲಿ ನಿಂತು ಪಳ್ಳಗಳಾಗಿ ಮೆಲ್ಲಗೆ ಒಳಗಿಳಿಯುತ್ತದೆ. ಕಲ್ಲಿನ ಅಡಿಯಲ್ಲಿ ಜೇಡಿಮಣ್ಣಿನ ಪದರವಿರುತ್ತದೆ. ಅದು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲವಾದುದರಿಂದ ನೀರು ಅದರ ಮೇಲೆಯೇ ಜಾರುತ್ತ ಗುಡ್ಡದ ಇಳುಕಲಿನಲ್ಲಿ ಒರತೆಯಾಗಿ ಹೊರಬರುತ್ತದೆ. ನಮ್ಮ ಹಿರಿಯರು ಇದನ್ನು ಪುಸ್ತಕದಿಂದ ಕಲಿತವರಲ್ಲ. ಪಿಕ್ಕಾಸು ಹಿಡಿದು ಗುಡ್ಡದ ಮೈಯೊಳಕ್ಕೆ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ ಸುರಂಗಗಳನ್ನು ಕೊರೆದು, ಎಣ್ಣೆಯೂ ವಿದ್ಯುತ್ತೂ ಇಲ್ಲದೆ ನೀರು ತಾನಾಗಿ ಮನೆಯಂಗಳಕ್ಕೆ ಹರಿದುಬರುವಂತೆ ಮಾಡಿದರು. ಬಾಯಾರು, ಪಡ್ರೆ, ಎಣ್ಮಕಜೆ ಕಡೆಗಳಲ್ಲಿ ಇಂದಿಗೂ ಇಂಥ ಸುರಂಗದ ನೀರನ್ನೇ ಕುಡಿಯುವ, ಅದರಿಂದಲೇ ಅಡಕೆ ತೋಟವನ್ನು ನಡೆಸುವ ಮನೆಗಳಿವೆ. ಮೇಲಿನ ಪದವು ಅವರ ಹೆಸರಿನಲ್ಲಿಲ್ಲ. ಆದರೆ ಅವರ ಕೊಡದ ನೀರು ಆ ಪದವಿನದು.

ಈ ಪದವನ್ನು ಯಂತ್ರದಿಂದ ತಟ್ಟುಮಾಡಿ, ಕಲ್ಲನ್ನು ಕಿತ್ತು, ಮೇಲೆ ಕಾಂಕ್ರೀಟನ್ನೂ ಡಾಮರನ್ನೂ ಹಾಸಿದರೆ ಎರಡು ಸಂಗತಿಗಳು ಒಟ್ಟಿಗೆ ಸಂಭವಿಸುತ್ತವೆ. ಒಳಗಿಳಿಯಬೇಕಾದ ನೀರು ಹೊರಗೆ ಹರಿದು ಮಳೆಗಾಲದಲ್ಲಿ ಕೆಳಗಿನ ತೋಟಕ್ಕೆ ಮಣ್ಣನ್ನು ತಂದು ಸುರಿಯುತ್ತದೆ. ಬೇಸಗೆಯಲ್ಲಿ ಹೊರಬರಬೇಕಾದ ಒರತೆ ಸೊರಗುತ್ತದೆ. ಇದೇ ಹೊತ್ತಿಗೆ ಮೇಲಿನ ಕಟ್ಟಡ ತನ್ನ ಬಾಯಾರಿಕೆಯನ್ನು ತೋರತೊಡಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಂತೆ ನೂರಕ್ಕಿಂತ ಹೆಚ್ಚು ಹಾಸಿಗೆಗಳುಳ್ಳ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರು ನೀರು ಬೇಕು. ಮನೆಯಲ್ಲಿ ವಾಸಿಸುವ ಒಬ್ಬನಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 135 ಲೀಟರು. ವಿದ್ಯಾರ್ಥಿಗಳು ಸ್ಲೇಟಿನ ಮೇಲೆ ಗುಣಿಸಿ ನೋಡಲಿ: 300 ಹಾಸಿಗೆಗಳ ಆಸ್ಪತ್ರೆಗೆ ದಿನಕ್ಕೆ 1,35,000 ಲೀಟರು, ಅಂದರೆ 1,000 ಜನರಿರುವ ಒಂದು ಊರಿನ ನೀರು. ಗುಡ್ಡದ ಮೇಲೆ ಒಂದು ಕಟ್ಟಡವನ್ನು ಇಡುತ್ತೇವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಒಂದು ಗ್ರಾಮವನ್ನೇ ಇಟ್ಟಿರುತ್ತೇವೆ.

ಬಂದ ನೀರು ಹೋಗಲೇಬೇಕಷ್ಟೆ. ಆಸ್ಪತ್ರೆಯ ಕೊಳೆನೀರು ಮನೆಯ ಬಚ್ಚಲಿನ ನೀರಲ್ಲ. ಅದರಲ್ಲಿ ರೋಗಾಣುಗಳಿರುತ್ತವೆ, ಔಷಧಿಗಳ ಶೇಷವಿರುತ್ತದೆ, ಕ್ರಿಮಿನಾಶಕ ದ್ರವಗಳಿರುತ್ತವೆ. ಅದನ್ನು ಶುದ್ಧಿ ಮಾಡದೆ ತೋಡಿಗೆ ಬಿಟ್ಟರೆ, ಗುಣವಾಗಿ ಮನೆಗೆ ಹೋದವನ ರೋಗವು ತೋಡಿನ ದಾರಿಯಾಗಿ ಮತ್ತೊಬ್ಬನ ಮನೆಗೆ ಹೋಗಬಹುದು. ಘನ ತ್ಯಾಜ್ಯದ ವಿಷಯದಲ್ಲಿ ನಮ್ಮ ದೇಶದಲ್ಲಿ 1998ರಲ್ಲಿ ನಿಯಮಗಳು ಬಂದವು. 2016ರಲ್ಲಿ ಅವನ್ನು ಹೊಸದಾಗಿ ರಚಿಸಲಾಯಿತು. ಶರೀರದ ಭಾಗಗಳು ಮುಂತಾದುವಕ್ಕೆ ಹಳದಿ ಚೀಲ, ಸೋಂಕು ತಗಲಿದ ಪ್ಲಾಸ್ಟಿಕ್ಕಿಗೆ ಕೆಂಪು ಚೀಲ, ಸೂಜಿ ಮತ್ತು ಅಲಗುಗಳಿಗೆ ಬಿಳಿಯ ಪಾತ್ರೆ, ಗಾಜಿಗೆ ನೀಲಿ ಪಾತ್ರೆ ಎಂದು ವಿಂಗಡಣೆ. ಸಂಸ್ಕರಿಸದ ಶರೀರಭಾಗಗಳನ್ನು 48 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು. ಕೇರಳದ ಬಹುಪಾಲು ಆಸ್ಪತ್ರೆಗಳ ಇಂಥ ತ್ಯಾಜ್ಯವು ಬಹುಕಾಲ ಪಾಲಕ್ಕಾಡಿನ ಬಳಿಯ ಒಂದು ಸಾಮೂಹಿಕ ಕೇಂದ್ರಕ್ಕೆ ಹೋಗುತ್ತಿತ್ತು. ಅಂದರೆ ಒಂದೂರಿನ ಆರೋಗ್ಯದ ಹೊಗೆಯನ್ನು ದೂರದ ಇನ್ನೊಂದೂರು ಉಸಿರಾಡಬೇಕಾಗಿತ್ತು. ನಿಯಮ ಒಳ್ಳೆಯದೇ, ಅದನ್ನು ಪಾಲಿಸಿದರೆ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ಪಾಲಿಸುತ್ತಾರೆಯೋ ಇಲ್ಲವೋ ಎಂದು ತಿಳಿಯುವ ಹಕ್ಕು ಆ ತೋಡಿನ ದಂಡೆಯವನಿಗೂ ಆ ಹೊಗೆಯ ಕೆಳಗಿನವನಿಗೂ ಇರಬೇಕು.

'ರೋಗ ಗುಣಪಡಿಸುವ ಪುಣ್ಯಕಾರ್ಯವನ್ನು ಈ ಬಗೆಯ ಸಂಶಯದಿಂದ ನೋಡಬಹುದೇ?' ಎಂದು ಕೆಲವರು ಕೇಳಬಹುದು. ಕಾಸರಗೋಡಿನವರಾದ ನಮಗೆ ಈ ಸಂಶಯವನ್ನು ಕಲಿಸಿದ ಗುರು ಒಬ್ಬನಿದ್ದಾನೆ. ಅವನ ಹೆಸರು ಎಂಡೋಸಲ್ಫಾನ್. ಸರಕಾರಿ ತೋಟ ನಿಗಮದ ಗೇರುಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಯಾರನ್ನೂ ಪೀಡಿಸಬೇಕೆಂದು ಅದನ್ನು ಸಿಂಪಡಿಸಿದವರು ಎಣಿಸಿರಲಿಲ್ಲ. ಬೆಳೆಯನ್ನು ಉಳಿಸುವುದು, ಕೂಲಿಯವರಿಗೆ ಕೆಲಸ ಕೊಡುವುದು, ನಾಡಿಗೆ ಹಣ ತರುವುದು ಎಲ್ಲವೂ ಒಳ್ಳೆಯ ಉದ್ದೇಶಗಳೇ. ಗೇರುಮರಗಳು ಮೇಲಿದ್ದವು, ಮನೆಗಳು, ಬಾವಿಗಳು, ಸುರಂಗಗಳು ಕೆಳಗಿದ್ದವು. ಮೇಲಿನ ಕೆಲಸಕ್ಕೆ ಕೆಳಗಿನವರ ಒಪ್ಪಿಗೆ ಬೇಕೆಂದು ಯಾರಿಗೂ ತೋರಲಿಲ್ಲ. ಮುಂದೆ ಏನಾಯಿತೆಂಬುದನ್ನು ನಮ್ಮ ಶಾಲೆಗಳ ಹಾಜರಿ ಪುಸ್ತಕಗಳೇ ಬಲ್ಲವು. 2011ರ ಏಪ್ರಿಲ್ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಆ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯವು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಆಜ್ಞಾಪಿಸಿತು.

ಆಸ್ಪತ್ರೆಯನ್ನು ವಿಷಕ್ಕೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಅದು ಅವಿವೇಕವಾದೀತು. ಎಂಡೋಸಲ್ಫಾನ್ ಸಂತ್ರಸ್ತರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದುದು ಹತ್ತಿರದ ಒಂದು ಒಳ್ಳೆಯ ಆಸ್ಪತ್ರೆಯೇ. ನಮ್ಮ ಮಾತು ಇಷ್ಟೆ: ಕೆಲಸದ ಹೆಸರು ಒಳ್ಳೆಯದಾಗಿದ್ದ ಮಾತ್ರಕ್ಕೆ ಅದರ ಲೆಕ್ಕವನ್ನು ಒಪ್ಪಿಸುವ ಹೊಣೆ ತಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ಆಸ್ಪತ್ರೆಯ ಹಸಿವು ಇಷ್ಟು ಹೆಚ್ಚಲು ಕಾರಣವೇ ಗುಡ್ಡದ ಮೇಲಿನವರು ಗುಡ್ಡದ ಕೆಳಗಿನವರನ್ನು ಮರೆತದ್ದು. ಅದೇ ಮರೆವಿನಿಂದ ಅದರ ಮದ್ದನ್ನೂ ಕಟ್ಟಬಹುದೇ?

ವೈದ್ಯಶಾಸ್ತ್ರವೇ ಈ ಪ್ರಶ್ನೆಗೆ ಬಹಳ ಹಿಂದೆ ಒಂದು ಉತ್ತರವನ್ನು ಕೊಟ್ಟಿದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನ, ಅಂದರೆ ಊರಿಗೆ ಊರೇ ಹಾಳಾಗುವಂಥ ರೋಗದ ವಿಚಾರ ಬರುತ್ತದೆ. ಜನರ ದೇಹಪ್ರಕೃತಿಗಳು ಬೇರೆ ಬೇರೆಯಾಗಿರುವಾಗ ಎಲ್ಲರಿಗೂ ಒಂದೇ ಕಾಲದಲ್ಲಿ ರೋಗ ಹೇಗೆ ಬರುತ್ತದೆ ಎಂಬ ಸಂಶಯಕ್ಕೆ ಅಲ್ಲಿ ದೊರೆಯುವ ಸಮಾಧಾನ, ಎಲ್ಲರಿಗೂ ಸಾಮಾನ್ಯವಾದ ಗಾಳಿ, ನೀರು, ನೆಲ, ಕಾಲ ಇವು ಕೆಟ್ಟಾಗ ಎಂಬುದು. ಅಶೋಕನ ಎರಡನೆಯ ಬಂಡೆ ಶಾಸನದಲ್ಲಿಯೂ ಇದೇ ವಿವೇಕವಿದೆ. ನಮ್ಮ ಅದವಾನಿ ಸೀಮೆಯ ಕನ್ನಡಿಗರಿಗೆ ದೂರವಲ್ಲದ ಎರ್ರಗುಡಿಯ ಬಂಡೆಗಳ ಮೇಲೆ ಆ ಶಾಸನವೂ ಇದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧಿಯ ಗಿಡಗಳನ್ನು ನೆಡುವುದು, ದಾರಿಯಲ್ಲಿ ಬಾವಿ ತೋಡಿಸುವುದು, ಮರ ಬೆಳೆಸುವುದು ಇವೆಲ್ಲವನ್ನೂ ಅಲ್ಲಿ ಒಂದೇ ಉಸಿರಿನಲ್ಲಿ ಹೇಳಿದೆ. ಚಿಕಿತ್ಸೆಗೂ ಬಾವಿಗೂ ಜಗಳವುಂಟೆಂದು ಆ ಶಾಸನ ಬರೆಸಿದವನಿಗೆ ತೋರಲಿಲ್ಲ. ಜಗಳ ಹುಟ್ಟುವುದು ಒಂದರ ಲೆಕ್ಕವನ್ನು ಮಾತ್ರ ಬರೆದು ಇನ್ನೊಂದರ ಲೆಕ್ಕವನ್ನು ಬರೆಯದೆ ಬಿಟ್ಟಾಗ.

ಈ ಎರಡು ಲೆಕ್ಕಗಳೂ ಎದುರುಬದುರಾದ ಒಂದು ಪ್ರಸಂಗವನ್ನು ನೋಡಲು ನಮ್ಮ ರಾಜ್ಯದ ಇನ್ನೊಂದು ಗಡಿಸೀಮೆಯಾದ ವಯನಾಡಿಗೆ ಹೋಗೋಣ. ನಮ್ಮಂತೆಯೇ ಕನ್ನಡದ ಹಳೆಯ ಬೇರುಗಳುಳ್ಳ ನಾಡು ಅದು. ಅಲ್ಲಿಯೂ ದೊಡ್ಡ ಕಾಯಿಲೆಯಾದರೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು ಕೋಳಿಕ್ಕೋಡಿಗೆ ಹೋಗಬೇಕಾಗಿತ್ತು. ಕಲ್ಪೆಟ್ಟದ ಸಮೀಪದ ಮಡಕ್ಕಿಮಲೆಯಲ್ಲಿ ಚಂದ್ರಪ್ರಭಾ ಧರ್ಮಸಂಸ್ಥೆಯು 50 ಎಕರೆ ನೆಲವನ್ನು ದಾನವಾಗಿ ಕೊಟ್ಟಿತು. 2015ರಲ್ಲಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿತ್ತು. 2018ರಲ್ಲಿ ಕೇರಳವನ್ನು ಮಹಾಪ್ರವಾಹವು ನಡುಗಿಸಿತು. ವಯನಾಡಿನ ಗುಡ್ಡಗಳು ಅಲ್ಲಲ್ಲಿ ಕುಸಿದವು. ಆ ಬಳಿಕ ಭೂವಿಜ್ಞಾನಿಗಳ ಪರಿಶೀಲನೆಯಲ್ಲಿ ಮಡಕ್ಕಿಮಲೆಯ ನೆಲವು ಪರಿಸರದೃಷ್ಟಿಯಿಂದ ಸೂಕ್ಷ್ಮವೆಂದು ಕಂಡುಬಂದಿತೆಂಬ ಕಾರಣದಿಂದ ಸರಕಾರವು ಅದನ್ನು ಕೈಬಿಟ್ಟಿತು. ಬೇರೆ ಜಾಗಗಳ ವಿಚಾರ ನಡೆಯಿತು. ಕೊನೆಗೆ 2021ರ ಫೆಬ್ರವರಿಯಲ್ಲಿ ಮಾನಂತವಾಡಿಯಲ್ಲಿ ಮೊದಲೇ ಇದ್ದ ಜಿಲ್ಲಾ ಆಸ್ಪತ್ರೆಯನ್ನೇ ವೈದ್ಯಕೀಯ ಕಾಲೇಜಾಗಿ ಮೇಲಕ್ಕೇರಿಸಲಾಯಿತು. ಅಲ್ಲಿಯೂ 50 ವಿದ್ಯಾರ್ಥಿಗಳಿಗೆ ಅನುಮತಿ ಬಂದುದು 2025ರಲ್ಲಿಯೇ.

ಈ ಪ್ರಸಂಗದಲ್ಲಿ ಜನರ ಅಭಿಪ್ರಾಯ ಒಂದೇ ಆಗಿರಲಿಲ್ಲ. ಮಡಕ್ಕಿಮಲೆ ಜಿಲ್ಲೆಗೆ ಮಧ್ಯವರ್ತಿ. ನೆಲ ದಾನವಾಗಿ ಬಂದಿದೆ. ಅದನ್ನು ಬಿಟ್ಟುದು ತಪ್ಪೆಂದು ಕ್ರಿಯಾಸಮಿತಿಯವರು ಹೋರಾಡಿದರು. ಉತ್ತರ ಭಾಗದ ಬಡವರಿಗೂ ಬುಡಕಟ್ಟಿನವರಿಗೂ ಮಾನಂತವಾಡಿಯೇ ಹತ್ತಿರವೆಂದು ಬೇರೆಯವರು ಹೇಳಿದರು. ಒಂದು ದಶಕ ಈ ಎಳೆದಾಟದಲ್ಲಿ ಕಳೆಯಿತು. ಈ ನಡುವೆ 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಜನರು ಮಡಿದರು. ವೆಳ್ಳಾರ್ಮಲೆಯ ಶಾಲೆಯೂ ಆ ಪ್ರವಾಹದ ಹಾದಿಗೆ ಸಿಕ್ಕಿತು. ಮಡಕ್ಕಿಮಲೆಯಲ್ಲಿ ಕಟ್ಟಿದ್ದರೆ ಹಾಗೆಯೇ ಆಗುತ್ತಿತ್ತೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಆ ರಾತ್ರಿ ಎರಡು ಸತ್ಯಗಳನ್ನು ಒಟ್ಟಿಗೆ ತೋರಿಸಿತು. ಗುಡ್ಡದ ಎಚ್ಚರಿಕೆಯನ್ನು ಅಲಕ್ಷ್ಯ ಮಾಡಬಾರದು ಎಂಬುದು ಒಂದು. ಗುಡ್ಡ ಕುಸಿದ ದಿನ ಹತ್ತಿರದಲ್ಲಿ ಆಸ್ಪತ್ರೆ ಇರಬೇಕು ಎಂಬುದು ಇನ್ನೊಂದು. ಯಾವುದೊಂದನ್ನೂ ಬಿಟ್ಟು ಮಾತಾಡುವಂತಿಲ್ಲ.

ಹಾಗಾದರೆ ಇವೆರಡರ ನಡುವೆ ನಿರ್ಣಯ ಮಾಡುವುದು ಹೇಗೆ? 'ಬಹುಜನರ ಹಿತ' ಎಂಬುದು ನಮಗೆ ಥಟ್ಟನೆ ನೆನಪಿಗೆ ಬರುವ ಅಳತೆ. ಆಸ್ಪತ್ರೆ ಲಕ್ಷ ಜನರಿಗೆ, ಒರತೆ ನಾಲ್ಕು ಮನೆಗಳಿಗೆ. ಆದುದರಿಂದ ಒರತೆ ಹೋಗಲಿ ಎಂದು ಈ ಅಳತೆ ಹೇಳುತ್ತದೆ. ಈ ಮಾತನ್ನು ಆಸ್ಪತ್ರೆಯ ಒಳಗಡೆಗೇ ಒಯ್ದು ಪರೀಕ್ಷಿಸಿ ನೋಡೋಣ. ಐವರು ರೋಗಿಗಳನ್ನು ಉಳಿಸುವುದಕ್ಕಾಗಿ ಆರನೆಯವನ ದೇಹವನ್ನು ಅವನಿಗೆ ತಿಳಿಸದೆ ಕೊಯ್ಯಬಹುದೇ? ಯಾವ ವೈದ್ಯನೂ ಒಪ್ಪಲಾರ. ಶಸ್ತ್ರಕ್ರಿಯೆಗೆ ಮುನ್ನ ವೈದ್ಯನು ರೋಗಿಯ ಹತ್ತಿರ ಕುಳಿತು, ಇದರಿಂದ ಇಂಥ ಪ್ರಯೋಜನ, ಇಂಥ ಅಪಾಯ, ಇದಲ್ಲದೆ ಇಂಥ ಬೇರೆ ದಾರಿಗಳೂ ಇವೆ ಎಂದು ತಿಳಿಸಿ, ಆ ಬಳಿಕ ಕಾಗದದ ಮೇಲೆ ಸಹಿ ಪಡೆಯುತ್ತಾನೆ. ಓದಲು ಬಾರದವನಿಗೆ ಓದಿ ಹೇಳಿ ಹೆಬ್ಬೆರಳು ಒತ್ತಿಸಿಕೊಳ್ಳುತ್ತಾನೆ. ಒಬ್ಬ ಮನುಷ್ಯನ ಮೈಮೇಲೆ ಒಂದು ಗೇಣು ಗಾಯ ಮಾಡುವುದಕ್ಕೆ ಇಷ್ಟು ವಿನಯ ಬೇಕಾದರೆ, ಒಂದು ಊರಿನ ನೀರಿನ ತಲೆಯನ್ನು ಕಡಿಯುವುದಕ್ಕೆ ಏನೂ ಬೇಡವೇ?

ಕಾನೂನನ್ನು ಕೇಳಿದರೆ ಬಹಳ ಬೇಡವೆಂದೇ ಅದು ಹೇಳುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರು ಅಥವಾ ಅದಕ್ಕಿಂತ ಹೆಚ್ಚಿನ ಕಟ್ಟಡಗಳಿಗೆ ಮುಂಚಿತವಾಗಿ ಪರಿಸರದ ಅನುಮತಿ ಪಡೆಯಬೇಕು. ಆದರೆ ಗಣಿಗಳಿಗೂ ದೊಡ್ಡ ಕಾರಖಾನೆಗಳಿಗೂ ಇರುವಂಥ ಸಾರ್ವಜನಿಕರ ಅಹವಾಲು ಕೇಳುವ ಸಭೆ ಕಟ್ಟಡಗಳ ವಿಷಯದಲ್ಲಿ ಕಡ್ಡಾಯವಲ್ಲ. ತಜ್ಞರು ಕಾಗದವನ್ನು ನೋಡುತ್ತಾರೆ. ಸುರಂಗದ ಬಾಯಲ್ಲಿ ಕೊಡ ಹಿಡಿದು ನಿಂತ ತಾಯಿಯನ್ನು ಯಾರೂ ಕರೆದು ಕೇಳಬೇಕಾಗಿಲ್ಲ. ಕಾನೂನು ಬೇಡವೆಂದುದನ್ನು ಧರ್ಮವೂ ಬೇಡವೆನ್ನುವುದಿಲ್ಲ. ಗ್ರಾಮಸಭೆಯೆಂಬುದು ನಮ್ಮಲ್ಲಿದೆ. ಕಾನೂನು ಒತ್ತಾಯಿಸದಿದ್ದರೂ ಅಲ್ಲಿ ನಕಾಶೆಯನ್ನು ಬಿಡಿಸಿಟ್ಟು ನಮ್ಮ ಭಾಷೆಯಲ್ಲಿ ವಿವರಿಸುವುದನ್ನು ಯಾರೂ ತಡೆದಿಲ್ಲ. ನಮ್ಮ ಭಾಷೆಯಲ್ಲಿ ಎಂಬುದನ್ನು ಒತ್ತಿ ಹೇಳುತ್ತೇವೆ. ತನಗೆ ಬಾರದ ನುಡಿಯ ಕಾಗದಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆಯೆಂದು ಹೇಳಲಾಗದು. ಗಡಿನಾಡಿನಲ್ಲಿರುವ ನಮಗೆ ಇದು ಅನುಭವವೇದ್ಯ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಮುಚ್ಚಿಡಬಾರದು. ಎಲ್ಲರ ಒಪ್ಪಿಗೆಗಾಗಿ ಕಾಯುತ್ತ ಕುಳಿತರೆ ಒಬ್ಬನ ಹಟದಿಂದ ಆಸ್ಪತ್ರೆಯೇ ನಿಂತುಹೋದೀತು. ವಯನಾಡಿನಂತೆ ವರ್ಷಗಳು ಕಳೆದಾವು. ಅಷ್ಟರಲ್ಲಿ ರೋಗಿಗಳು ಸಾಯುತ್ತಾರೆ. ಆ ಸಾವುಗಳಿಗೆ ಹೊಣೆ ಯಾರು? ಇದು ಹುಸಿ ಆಕ್ಷೇಪವಲ್ಲ. ಇದಕ್ಕೆ ನಾವು ಕೊಡಬಲ್ಲ ಸಮಾಧಾನ ಇಷ್ಟು. ಊರಿನ ಒಪ್ಪಿಗೆಯೆಂದರೆ ಒಬ್ಬೊಬ್ಬನ ಕೈಯಲ್ಲಿಯೂ ಒಂದು ಬೀಗವನ್ನು ಕೊಡುವುದಲ್ಲ. ಮುಂಚಿತವಾಗಿ ತಿಳಿಯುವ ಹಕ್ಕು, ತನ್ನ ನಷ್ಟವನ್ನು ಲೆಕ್ಕಕ್ಕೆ ಹಿಡಿಸುವ ಹಕ್ಕು, ನೀರು ಹೋದರೆ ಹಣವಲ್ಲದೆ ನೀರನ್ನೇ ಪಡೆಯುವ ಹಕ್ಕು, ಇವು ಮೂರು ದೊರೆತರೆ ಹಟದ ಬಹುಪಾಲು ತಾನಾಗಿ ಕರಗುತ್ತದೆ. ಜನರು ಹಟ ಹಿಡಿಯುವುದು ಅನೇಕ ವೇಳೆ ಆಸ್ಪತ್ರೆಯ ಮೇಲಲ್ಲ, ತಮ್ಮನ್ನು ಕೇಳದೆ ಹೋದುದರ ಮೇಲೆ.

ಅದೇ ರೀತಿ ಬೇಡವೆನ್ನುವವರಿಗೂ ಒಂದು ಕರ್ತವ್ಯವಿದೆ. 'ಇಲ್ಲಿ ಬೇಡ, ಬೇರೆಲ್ಲಿಯಾದರೂ ಆಗಲಿ' ಎಂಬುದು ಬಲು ಸುಲಭವಾದ ಮಾತು. ಎಲ್ಲ ಗುಡ್ಡಗಳ ಕೆಳಗೂ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಬೇರೆಲ್ಲಿ ಎಂಬುದನ್ನು ತೋರಿಸದೆ, ಅಲ್ಲಿನವರ ನಷ್ಟವನ್ನು ತೂಗದೆ, ಬರಿದೆ ಬೇಡವೆಂದವನು ತನ್ನ ನೀರನ್ನು ಉಳಿಸಿಕೊಂಡು ಪರರ ನೀರನ್ನು ದಾನ ಮಾಡಿದಂತಾಯಿತು. ಆಸ್ಪತ್ರೆಯಿಲ್ಲದೆ ಸಾಯುವವನ ಹೆಸರನ್ನೂ ತನ್ನ ಆಕ್ಷೇಪದ ಕಾಗದದಲ್ಲಿ ಬರೆದು ನೋಡಿ, ಆ ಮೇಲೂ ಬೇಡವೆನ್ನಲು ಮನಸ್ಸು ಒಪ್ಪಿದರೆ ಮಾತ್ರ ಬೇಡವೆನ್ನಬೇಕು.

ಸಮಯದ ವಿಚಾರವನ್ನೂ ತೂಗಬೇಕಾಗಿದೆ. 2020ರಲ್ಲಿ ನಮ್ಮ ತೆಕ್ಕಿಲ್ ಗ್ರಾಮದ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ತಟ್ಟುಮಾಡಿ, ಕಾರಖಾನೆಯಲ್ಲಿ ಸಿದ್ಧಪಡಿಸಿದ ಕೋಣೆಗಳನ್ನು ತಂದಿಟ್ಟು, ಐನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯನ್ನು ಟಾಟಾ ಸಂಸ್ಥೆಯವರು ಕೆಲವೇ ತಿಂಗಳುಗಳಲ್ಲಿ ಕಟ್ಟಿಕೊಟ್ಟರು. ಸೆಪ್ಟೆಂಬರ್ 9ರಂದು ಅದರ ಉದ್ಘಾಟನೆಯಾಯಿತು. ಗಡಿ ಮುಚ್ಚಿದ ಆ ದಿನಗಳಲ್ಲಿ ಅದನ್ನು ಬೇಡವೆನ್ನುವವನು ಕಲ್ಲೆದೆಯವನಾಗಬೇಕಾಗಿತ್ತು. ಸಾಂಕ್ರಾಮಿಕ ಇಳಿದ ಬಳಿಕ ಆ ಕೋಣೆಗಳ ಉಪಯೋಗ ಕುಗ್ಗಿತು. ಅವಸರದ ಕಾಲದಲ್ಲಿ ಕಟ್ಟಿದುದು ತಪ್ಪೆಂದು ನಾವು ಹೇಳುವುದಿಲ್ಲ. ತಂದ ಕೋಣೆಗಳನ್ನು ಮರಳಿ ಒಯ್ಯಬಹುದು, ಕಡಿದ ಗುಡ್ಡವನ್ನು ಮರಳಿ ತರಲಾಗದು ಎಂಬುದನ್ನು ಮಾತ್ರ ನೆನಪಿಡಬೇಕು. ಅವಸರವಿಲ್ಲದ ದಿನಗಳಲ್ಲಿಯೇ ಇದನ್ನು ಯೋಚಿಸಿಟ್ಟುಕೊಂಡರೆ ಅವಸರದ ದಿನ ಬಂದಾಗ ಕೈತಪ್ಪು ಆಗಲಾರದು.

ಯೋಚಿಸಿದರೆ ದಾರಿಗಳೂ ಇವೆ. ಮಾನಂತವಾಡಿಯಲ್ಲಿ ಮಾಡಿದಂತೆ ಇರುವ ಆಸ್ಪತ್ರೆಯನ್ನೇ ಬೆಳೆಸುವುದು ಒಂದು ದಾರಿ. ಅದರಲ್ಲಿ ಇಕ್ಕಟ್ಟಿನ ತೊಂದರೆಯಿದ್ದರೂ ಹೊಸ ಗುಡ್ಡವನ್ನು ಮುಟ್ಟಬೇಕಾಗಿಲ್ಲ. ಕಲ್ಲು ಕಡಿದು ಮೊದಲೇ ಹಾಳಾದ ನೆಲವನ್ನು ಪರೀಕ್ಷೆ ಮಾಡಿಸಿ ಉಪಯೋಗಿಸುವುದು ಎರಡನೆಯದು. ಹೊಸ ನೆಲವೇ ಬೇಕಾದರೆ ಅಗಲಕ್ಕೆ ಹರಡದೆ ಎತ್ತರಕ್ಕೆ ಕಟ್ಟಿ, ಪಳ್ಳಗಳನ್ನೂ ಇಳುಕಲನ್ನೂ ಹಾಗೆಯೇ ಬಿಟ್ಟು, ಮಾಡಿನ ನೀರನ್ನು ಹಿಡಿದು ನೆಲಕ್ಕಿಳಿಸಿ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಕೊಳೆನೀರಿನ ಶುದ್ಧೀಕರಣವನ್ನು ಮುಗಿಸುವುದು ಮೂರನೆಯದು. ಇವಕ್ಕೆ ಹೆಚ್ಚು ಹಣ ಬೇಕೆಂಬುದು ನಿಜ. ಆ ಹಣವನ್ನು ಉಳಿಸಿದರೆ ಅದನ್ನು ಕೊಡುವವರು ಕೆಳಗಿನ ನಾಲ್ಕು ಮನೆಗಳವರು. ಅವರಿಗೆ ರಸೀದಿ ಸಹ ಸಿಕ್ಕುವುದಿಲ್ಲ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಶಾಲೆಯ ಬಾವಿಗೆ ಒಂದು ಹಗ್ಗವನ್ನು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂಬುದನ್ನು ಪ್ರತಿ ತಿಂಗಳ ಮೊದಲ ದಿನ ಮಕ್ಕಳಿಂದ ಅಳೆಸಿ ಪುಸ್ತಕದಲ್ಲಿ ಬರೆಸಿರಿ. ಸುರಂಗವಿರುವ ಮನೆಯ ಮಕ್ಕಳು ಒಂದು ಕೊಡ ತುಂಬಲು ಎಷ್ಟು ಹೊತ್ತಾಗುತ್ತದೆಂದು ಗಡಿಯಾರ ನೋಡಿ ಬರೆಯಲಿ. ಐದು ವರ್ಷಗಳ ಅಂಥ ಪುಸ್ತಕ ಗ್ರಾಮಸಭೆಯ ಮೇಜಿನ ಮೇಲಿದ್ದರೆ, ಗುಡ್ಡದ ಮೇಲೆ ಏನೇ ಬಂದರೂ ಅದರ ಹಿಂದಿನ ಸ್ಥಿತಿಗೂ ಮುಂದಿನ ಸ್ಥಿತಿಗೂ ಸಾಕ್ಷಿಯಿರುತ್ತದೆ. ಎಂಡೋಸಲ್ಫಾನಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅಂಥ ಪುಸ್ತಕವಿರಲಿಲ್ಲ. ನೋವು ಮೊದಲು ಬಂತು, ಸಾಕ್ಷಿಯನ್ನು ಆಮೇಲೆ ಹುಡುಕಬೇಕಾಯಿತು.

ಈಗ ಆ ಬಾಲಕಿಗೆ ಉತ್ತರ. ಮಗೂ, ಆಸ್ಪತ್ರೆಯ ನೀರು ನಿನ್ನ ಮನೆಯ ಮೇಲಿನ ಗುಡ್ಡದಿಂದ ಬರುತ್ತದೆ. ತೊಳೆದ ನೀರು ನಿನ್ನ ಮನೆಯ ಕೆಳಗಿನ ತೋಡಿಗೆ ಹೋಗುತ್ತದೆ. ಆ ಆಸ್ಪತ್ರೆಯಲ್ಲಿ ನಿನ್ನ ಅಜ್ಜಿಯ ಪ್ರಾಣ ಉಳಿಯಬಹುದು. ಆದುದರಿಂದ ಅದು ಬೇಡವೆಂದು ಹೇಳಬೇಡ. ಆದರೆ ಕಟ್ಟುವವರು ನಿನ್ನ ಊರಿಗೆ ಬಂದ ದಿನ ಗ್ರಾಮಸಭೆಗೆ ದೊಡ್ಡವರ ಜೊತೆಯಲ್ಲಿ ಹೋಗು. ಅಂದು ನಮ್ಮನ್ನು ಕೇಳಿದ ಆ ಎರಡು ಪ್ರಶ್ನೆಗಳನ್ನು ಅಲ್ಲಿಯೂ ಕೇಳು. ಉತ್ತರ ದೊರೆಯುವ ಮುಂಚೆ ಗಂಟೆ ಬಾರಿಸಿತೆಂದು ಕುಳಿತುಕೊಳ್ಳಬೇಡ.